ಎಡಗೈಯ ಲೆಕ್ಕ

ಒಬ್ಬನ ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಕತ್ತಿ. ಎದುರಾಳಿಯ ಬಳಿ ಗುರಾಣಿಯೇ ಇಲ್ಲ, ಎರಡೂ ಕೈ ಕೂಡಿಸಿ ಹಿಡಿದ ಉದ್ದನೆಯ ಕತ್ತಿಯೊಂದೇ. ಇಬ್ಬರಲ್ಲಿ ಯಾರಿಗೆ ಗೆಲುವು? ಅರಳಿಕಟ್ಟೆಯ ಮೇಲೆ ಈ ಪ್ರಶ್ನೆ ಹಾಕಿದರೆ ಹೆಚ್ಚಿನವರು ಗುರಾಣಿಯವನ ಪರ ನಿಂತಾರು. ಮೈ ಮುಚ್ಚಿಕೊಂಡವನನ್ನು ಬಿಟ್ಟು ತೆರೆದುಕೊಂಡವನು ಗೆಲ್ಲುವುದುಂಟೇ ಎಂಬುದು ಸಹಜವಾದ ವಾದ. ಆದರೆ 1599ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾರ್ಜ್ ಸಿಲ್ವರನ ‘ಪ್ಯಾರಡಾಕ್ಸಸ್ ಆಫ್ ಡಿಫೆನ್ಸ್’ ಎಂಬ ಪುಸ್ತಕ ಬೇರೆಯದೇ ತೀರ್ಪು ಕೊಡುತ್ತದೆ. ಯಾವ ಆಯುಧ ಯಾವುದಕ್ಕಿಂತ ಮೇಲು ಎಂದು ಸಾಲಾಗಿ ತೂಗಿ ನೋಡುವ ಸಿಲ್ವರ್, ಒಬ್ಬರಿಗೊಬ್ಬರು ನಿಂತ ಕಾಳಗದಲ್ಲಿ ಎರಡು ಕೈಯ ಕತ್ತಿಗೆ ಗುರಾಣಿ-ಕತ್ತಿಯ ಜೋಡಿಗಿಂತ ಮೇಲಿನ ಸ್ಥಾನ ಕೊಟ್ಟಿದ್ದಾನೆ. ಇವೆರಡಕ್ಕಿಂತಲೂ ಮೇಲೆ ಅವನು ಕೂರಿಸಿದ್ದು ಯಾವುದನ್ನು ಎಂಬುದನ್ನು ಕೊನೆಗೆ ನೋಡೋಣ. ಅದು ನಮ್ಮ ಸೀಮೆಗೆ ಹೆಚ್ಚು ಹತ್ತಿರದ ವಿಷಯ.

ಸಿದ್ದಾಪುರದಂಥ ಅಡಿಕೆ ಸೀಮೆಯಲ್ಲಿ ಕತ್ತಿ ಗುರಾಣಿಯ ಮಾತೇಕೆ ಎನ್ನುವವರು ಊರಿನ ಹಳೆಯ ದೇವಸ್ಥಾನದ ಅಂಗಳಕ್ಕೋ ಕೆರೆಯ ಏರಿಗೋ ಒಮ್ಮೆ ಹೋಗಿ ಬರಬೇಕು. ಸಿದ್ದಾಪುರ, ಶಿರಸಿ, ಪಕ್ಕದ ಸೊರಬ ಎಲ್ಲವೂ ಹಿಂದೆ ಬನವಾಸಿ ಹನ್ನೆರಡು ಸಾವಿರವೆಂಬ ನಾಡಿಗೆ ಸೇರಿದ್ದವು. ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು, ಊರಿಗೆ ಬಿದ್ದ ದಂಡನ್ನು ಎದುರಿಸಿ ಸತ್ತವನು, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತವನು, ಇಂಥವರ ನೆನಪಿಗೆ ನಿಲ್ಲಿಸಿದ ಕಲ್ಲುಗಳವು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಷ. ಶೆಟ್ಟರ್ ಮತ್ತು ಜರ್ಮನ್ ವಿದ್ವಾಂಸ ಸೊಂಥೈಮರ್ ಸೇರಿ ಸಂಪಾದಿಸಿದ ಸ್ಮಾರಕ ಶಿಲೆಗಳ ಗ್ರಂಥ 1982ರಲ್ಲಿ ಧಾರವಾಡದಿಂದ ಹೊರಬಂದ ಮೇಲೆ ಈ ಕಲ್ಲುಗಳನ್ನು ಓದುವ ಕ್ರಮವೇ ಬದಲಾಯಿತು. ಆದರೂ ನಾವು ಹೆಚ್ಚಾಗಿ ಓದುವುದು ಅಕ್ಷರವಿರುವ ಸಾಲುಗಳನ್ನು. ಕೆಳಗಿನ ಪಟ್ಟಿಕೆಯಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ನೋಡುವವರು ಕಡಿಮೆ.

ಅಲ್ಲಿ ನೋಡಬೇಕಾದ್ದು ವೀರನ ಎಡಗೈಯನ್ನು. ಬಲಗೈಯಲ್ಲಿ ಕತ್ತಿಯೋ ಬಾಣವೋ ಇದ್ದೇ ಇರುತ್ತದೆ. ಎಡಗೈಗೆ ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಎರಡೇ ಕೆಲಸ. ಒಂದೋ ಗುರಾಣಿ ಹಿಡಿದಿರುತ್ತದೆ, ಇಲ್ಲವೇ ಬಿಲ್ಲು. ಎರಡೂ ಕೈಯಲ್ಲಿ ಎತ್ತಿ ಹಿಡಿದ ಮಹಾಖಡ್ಗ ನಮ್ಮ ಶಿಲ್ಪಿಗಳು ಮತ್ತೆ ಮತ್ತೆ ಕಡೆದ ಚಿತ್ರವಲ್ಲ. ಶಿರಸಿಯ ಬೇಡರ ವೇಷದಲ್ಲೂ ಇದೇ ಜೋಡಿ. ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ತಮಟೆಯ ಪೆಟ್ಟಿಗೆ ಕುಣಿಯುವ ಬೇಡನ ಬೆನ್ನಿಗೆ ನವಿಲುಗರಿ, ಸೊಂಟಕ್ಕೆ ಹಿಂದಿನಿಂದ ಎಳೆದು ಹಿಡಿಯುವ ಹಗ್ಗ, ಕೈಗಳಲ್ಲಿ ಕತ್ತಿ ಮತ್ತು ಗುರಾಣಿ. ಹಾಗಾದರೆ ಯುರೋಪಿನವರು ಗುರಾಣಿ ಬಿಟ್ಟು ಎರಡು ಕೈಯ ಕತ್ತಿ ಹಿಡಿದಿದ್ದೇಕೆ, ನಮ್ಮವರು ಕೊನೆಯವರೆಗೂ ಗುರಾಣಿ ಬಿಡದೆ ಇದ್ದಿದ್ದೇಕೆ?

ಉತ್ತರ ಇರುವುದು ಮೈಮೇಲಿನ ಬಟ್ಟೆಯಲ್ಲಿ. ಯುರೋಪಿನ ಸರದಾರರು ಹನ್ನೊಂದನೆಯ ಶತಮಾನದಲ್ಲಿ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತೊಟ್ಟು, ಹೆಗಲಿನಿಂದ ಕಾಲಿನವರೆಗೆ ಬರುವ ಉದ್ದ ಗುರಾಣಿ ಹಿಡಿಯುತ್ತಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಆ ಅಂಗಿಯ ಮೇಲೆ ಉಕ್ಕಿನ ತಗಡುಗಳು ಒಂದೊಂದಾಗಿ ಕೂತವು. ಹದಿನೈದನೆಯ ಶತಮಾನದ ಹೊತ್ತಿಗೆ ಮೈಯೆಲ್ಲ ತಗಡು. ಮೈಯೇ ಗುರಾಣಿಯಾದ ಮೇಲೆ ಇನ್ನೊಂದನ್ನು ಹೊರುವುದು ದಂಡ. ಹೀಗೆ ಬಿಡುವಾದ ಎಡಗೈ ಕತ್ತಿಯ ಹಿಡಿಗೆ ಬಂತು, ಹಿಡಿ ಉದ್ದವಾಯಿತು, ಅಲಗೂ ಬೆಳೆಯಿತು. ಇಟಲಿಯ ಫಿಯೊರೆ ದೇ ಲಿಬೇರಿ 1410ರ ಸುಮಾರಿಗೆ ಬರೆದ ಕಾಳಗದ ಕೈಪಿಡಿಯಲ್ಲಿ ಎರಡು ಕೈಯ ಕತ್ತಿಗೆ ದೊಡ್ಡ ಪಾಲು ಸಿಕ್ಕಿದೆ. ಅದಕ್ಕಿಂತ ನೂರು ವರ್ಷ ಹಿಂದಿನ, ಈಗ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಹಸ್ತಪ್ರತಿಯೊಂದು ಯುರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಕತ್ತಿವರಸೆಯ ಪುಸ್ತಕ. ಅದರ ತುಂಬ ಇರುವುದು ಕತ್ತಿ ಮತ್ತು ಪುಟ್ಟ ಗುರಾಣಿ. ಗುರು ಒಬ್ಬ ಪಾದ್ರಿ, ಕೊನೆಯ ಪುಟಗಳಲ್ಲಿ ಕತ್ತಿ ಹಿಡಿಯುವವಳು ವಾಲ್‌ಪುರ್ಗಿಸ್ ಎಂಬ ಹೆಂಗಸು.

ನಮ್ಮಲ್ಲಿ ಕವಚ ಇರಲಿಲ್ಲವೆಂದಲ್ಲ. ಬಳೆಗವಚ, ಲೋಹದ ಪಟ್ಟಿಗಳ ಕವಚ ಎರಡೂ ಇದ್ದವು. ಆದರೆ ಈ ಸೆಕೆಯಲ್ಲಿ ಅಡಿಯಿಂದ ಮುಡಿಯವರೆಗೆ ತಗಡು ಹೊದ್ದು ಓಡಾಡುವುದು ಆಗದ ಮಾತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಸೈನ್ಯದ ಮೆರವಣಿಗೆ ನೋಡಿ ಹತ್ತಿ ತುಂಬಿ ಹೊಲಿದ ಅಂಗಿಗಳನ್ನೂ ಚಿನ್ನ ಬೆಳ್ಳಿಯ ಹೂಗಳಿಂದ ಸಿಂಗರಿಸಿದ ಗುರಾಣಿಗಳನ್ನೂ ಬಣ್ಣಿಸಿದ್ದಾನೆ. ಸಾಮಾನ್ಯ ಕಾಲಾಳಿಗೆ ಅದೂ ಇಲ್ಲ, ಬರಿಮೈ. ಬರಿಮೈಯವನು ಗುರಾಣಿ ಬಿಟ್ಟರೆ ಅವನಿಗೆ ಉಳಿಯುವುದೇನು? ಹಾಗಾಗಿ ಎಮ್ಮೆಯ ತೊಗಲಿನದೋ ಖಡ್ಗಮೃಗದ ತೊಗಲಿನದೋ ದುಂಡು ಢಾಲು ನಮ್ಮ ನಾಡಿನಲ್ಲಿ ಕೋವಿಯ ಕಾಲದವರೆಗೂ ಬಾಳಿತು. ಯುರೋಪಿನ ಹಳೆಯ ಗುರಾಣಿಯನ್ನು ತೋಳಿಗೆ ಪಟ್ಟಿ ಬಿಗಿದು ಕಟ್ಟುತ್ತಿದ್ದರೆ, ಢಾಲಿನ ಒಳಗಿನ ಎರಡು ಹಿಡಿಗಳನ್ನು ಒಂದೇ ಮುಷ್ಟಿಯಲ್ಲಿ ಕೂಡಿಸಿ ಹಿಡಿಯುತ್ತಿದ್ದರು. ಬೆರಳ ಗೆಣ್ಣಿಗೆ ಪೆಟ್ಟಾಗದಂತೆ ನಡುವೆ ಒಂದು ಮೆತ್ತೆ. ಇದರಿಂದ ಢಾಲು ಮಣಿಕಟ್ಟಿನ ಜೊತೆಗೆ ತಿರುಗುತ್ತದೆ, ಮುಂದೆ ಚಾಚಬಹುದು, ಅಂಚಿನಿಂದ ಹೊಡೆಯಲೂಬಹುದು. ಎರಡು ಕೈಯ ಪೆಟ್ಟಿನ ಆಸೆ ನಮ್ಮವರಿಗೂ ಇತ್ತು ಎನ್ನುವುದಕ್ಕೆ ಖಾಂಡಾ ಎಂಬ ನೇರ ಕತ್ತಿ ಸಾಕ್ಷಿ. ಅದರ ಹಿಡಿಯ ಬುಡದಲ್ಲಿ ಕಬ್ಬಿಣದ ಮೊಳೆಯೊಂದು ಹೊರಚಾಚಿರುತ್ತದೆ. ಬೇಕೆಂದಾಗ ಎಡಗೈಯಿಂದ ಅದನ್ನು ಹಿಡಿದು ಎರಡು ಕೈಯ ಬಲ ಹಾಕಿ ಹೊಡೆಯಬಹುದು, ಬೇಡವೆಂದಾಗ ಎಡಗೈ ಢಾಲಿಗೆ ಮರಳುತ್ತದೆ.

ಕಾಳಗವನ್ನು ಆಟವಾಗಿ ನೋಡುವುದೂ ನಮಗೆ ಹೊಸದಲ್ಲ. ಬನವಾಸಿ ನಾಡು ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದಾಗ, ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ವಿನೋದಗಳಿಗೆಂದೇ ಇಪ್ಪತ್ತು ಅಧ್ಯಾಯಗಳಿವೆ. ಕುಸ್ತಿಗೆ ಮಲ್ಲವಿನೋದ, ಇಬ್ಬರು ಆಯುಧ ಹಿಡಿದು ಸೆಣಸುವುದಕ್ಕೆ ಅಂಕವಿನೋದ. ನಾಲ್ಕು ಶತಮಾನದ ಬಳಿಕ ವಿಜಯನಗರದಲ್ಲಿದ್ದ ಫೆರ್ನಾವ್ ನೂನೆಸ್ ಕೂಡ ಅಲ್ಲಿ ದ್ವಂದ್ವಕ್ಕೆ ದೊಡ್ಡ ಗೌರವವಿತ್ತೆಂದೂ, ಮೊದಲು ಮಂತ್ರಿಯ ಅಪ್ಪಣೆ ಪಡೆಯಬೇಕಿತ್ತೆಂದೂ, ಸತ್ತವನ ಆಸ್ತಿ ಗೆದ್ದವನಿಗೆ ಹೋಗುತ್ತಿತ್ತೆಂದೂ ಬರೆದಿದ್ದಾನೆ. ಇವತ್ತಿನ ಆಟಕ್ಕೂ ಅಂದಿನದಕ್ಕೂ ಇರುವ ದೊಡ್ಡ ಅಂತರ ಇದೇ: ಈಗ ಸೋತವನು ಎದ್ದು ಬಂದು ಗೆದ್ದವನ ಕೈ ಕುಲುಕುತ್ತಾನೆ.

ಈಗಿನ ಆಟದಲ್ಲಿ ಎರಡು ದೊಡ್ಡ ಕವಲುಗಳಿವೆ. 1966ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹುಟ್ಟಿದ ಎಸ್‌ಸಿಎ ಎಂಬ ಸಂಘದ್ದು ಒಂದು. ಅವರ ಕತ್ತಿ ನಮ್ಮ ಮಲೆನಾಡಿಗೆ ಚೆನ್ನಾಗಿ ಗೊತ್ತಿರುವ ಬೆತ್ತದ್ದು. ಇನ್ನೊಂದು ಬುಹುರ್ಟ್. ಅಲ್ಲಿ ಮೊಂಡು ಮಾಡಿದ ಉಕ್ಕಿನ ಆಯುಧ, ಮೈತುಂಬ ನಿಜವಾದ ಉಕ್ಕಿನ ಕವಚ. ಉಕ್ರೇನಿನ ಖೋಟಿನ್ ಕೋಟೆಯಲ್ಲಿ 2010ರಲ್ಲಿ ನಾಲ್ಕು ದೇಶಗಳ ತಂಡಗಳೊಂದಿಗೆ ಶುರುವಾದ ‘ಬ್ಯಾಟಲ್ ಆಫ್ ದಿ ನೇಷನ್ಸ್’ ಈ ಆಟಕ್ಕೆ ಹೆಸರು ತಂದಿತು. 2014ರಲ್ಲಿ ಸ್ಪೇನಿನ ಬೆಲ್ಮೋಂತೆ ಕೋಟೆಯಲ್ಲಿ ಮತ್ತೊಂದು ವಿಶ್ವ ಪಂದ್ಯಾವಳಿ ನಡೆಯಿತು. ಬುಹುರ್ಟಿನಲ್ಲಿ ತಿವಿಯುವಂತಿಲ್ಲ, ಮಂಡಿಯ ಹಿಂಭಾಗಕ್ಕೂ ಕತ್ತಿನ ಹಿಂಬದಿಗೂ ಹೊಡೆಯುವಂತಿಲ್ಲ. ಒಬ್ಬರಿಗೊಬ್ಬರ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ಬಗೆಯ ಆಯುಧ. ಗುರಾಣಿಗೆ ಗುರಾಣಿ, ಉದ್ದ ಕತ್ತಿಗೆ ಉದ್ದ ಕತ್ತಿ. ನ್ಯಾಯದ ದೃಷ್ಟಿಯಿಂದ ಇದು ಸರಿ. ಆದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಆಯುಧಗಳು ಬೆರೆಯುವ ಕಡೆ, ಅಂದರೆ ಬುಹುರ್ಟಿನ ಗುಂಪು ಕಾಳಗದಲ್ಲಿ ಮತ್ತು ಎಸ್‌ಸಿಎಯ ಕಣದಲ್ಲಿ.

ಗುರಾಣಿಯವನ ನಿಲುವನ್ನು ಮೊದಲು ಗಮನಿಸಿ. ಎಡಗಾಲು ಮುಂದೆ, ಗುರಾಣಿ ಮುಂದೆ, ಕತ್ತಿ ಹಿಂದೆ ಬಲಭುಜದ ಹತ್ತಿರ. ಗುರಾಣಿ ಮೈಯನ್ನು ಮುಚ್ಚುತ್ತದೆ ನಿಜ, ಆದರೆ ಅದಕ್ಕೆ ಬೆಲೆಯನ್ನೂ ಕಟ್ಟಿಸಿಕೊಳ್ಳುತ್ತದೆ. ಅವನ ಕತ್ತಿ ಎದುರಾಳಿಯನ್ನು ಮುಟ್ಟಬೇಕಾದರೆ ಗುರಾಣಿಯನ್ನು ಸುತ್ತಿ ಬರಬೇಕು, ಕಾಲು ಒಂದು ಹೆಜ್ಜೆ ಮುಂದೆ ಬರಬೇಕು. ಎರಡು ಕೈಯ ಕತ್ತಿ ಸುಮಾರು ನಾಲ್ಕು ಅಡಿಗಿಂತ ಉದ್ದ, ಎಸ್‌ಸಿಎ ನಿಯಮದಲ್ಲಿ ಆರು ಅಡಿಯವರೆಗೂ ಹೋಗಬಹುದು. ಹಾಗಾಗಿ ಇಬ್ಬರ ನಡುವೆ ಒಂದು ಅಂತರವಿದೆ, ಅಲ್ಲಿ ಉದ್ದ ಕತ್ತಿಯವನು ಮುಟ್ಟುತ್ತಾನೆ, ಗುರಾಣಿಯವನು ಮುಟ್ಟಲಾರ. ಕಾಳಗವೆಲ್ಲ ಆ ಒಂದು ಹೆಜ್ಜೆಯ ಒಡೆತನಕ್ಕಾಗಿ ನಡೆಯುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ. ಕೈಯಲ್ಲಿ ದೊಡ್ಡ ಕತ್ತಿಯಿದೆಯೆಂದು ಗುರಾಣಿಯ ಮೇಲೆಯೇ ದಬದಬ ಬಡಿಯುತ್ತಾರೆ. ಗುರಾಣಿ ಇರುವುದೇ ಬಡಿಸಿಕೊಳ್ಳಲಿಕ್ಕೆ. ಪ್ರತಿ ಪೆಟ್ಟಿಗೂ ಇವರ ತೋಳು ಸೋಲುತ್ತದೆ, ಅವನು ಒಂದು ಹೆಜ್ಜೆ ಒಳಗೆ ಬರುತ್ತಾನೆ.

ಬಲ್ಲವರು ಗುರಾಣಿಯನ್ನು ಒಡೆಯಲು ಹೋಗುವುದಿಲ್ಲ, ಅದನ್ನು ಅಲುಗಾಡಿಸುತ್ತಾರೆ. ತಲೆಗೆ ಹೊಡೆಯುವಂತೆ ಕತ್ತಿ ಮೇಲೆತ್ತಿದರೆ ಗುರಾಣಿ ಮೇಲೇಳುತ್ತದೆ. ಮೇಲೆದ್ದ ಗುರಾಣಿ ಹಿಡಿದವನ ಕಣ್ಣನ್ನೇ ಮರೆಮಾಡುತ್ತದೆ. ಅದೇ ಗಳಿಗೆಯಲ್ಲಿ ಕತ್ತಿ ದಿಕ್ಕು ಬದಲಿಸಿ ತೊಡೆಗೆ ಇಳಿಯುತ್ತದೆ. ಮುಂದಿನ ಸಲ ತೊಡೆಯ ಕಡೆ ಹೆದರಿಸಿದರೆ ಗುರಾಣಿ ಕೆಳಗೆ ಬರುತ್ತದೆ, ಹೆಗಲು ತೆರೆಯುತ್ತದೆ. ಹೀಗೆ ದಿಕ್ಕು ಬದಲಿಸುವ ಶಕ್ತಿಯೇ ಎರಡು ಕೈಯ ಲಾಭ. ದೋಟಿ ಹಿಡಿದು ಹಣ್ಣು ಕೊಯ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಎರಡು ಕೈಗಳ ನಡುವೆ ಅಂತರವಿಟ್ಟು ಕೆಳಗಿನ ಕೈಯನ್ನು ಗೇಣಷ್ಟು ಸರಿಸಿದರೆ ತುದಿ ಮಾರುದೂರ ಸರಿಯುತ್ತದೆ. ಒಂದೇ ಕೈಯಲ್ಲಿ ಹಿಡಿದ ಕತ್ತಿಯನ್ನು ನಡುದಾರಿಯಲ್ಲಿ ತಡೆದು ತಿರುಗಿಸಲು ಮಣಿಕಟ್ಟಿಗೆ ಎಷ್ಟು ಬಲವಿದ್ದರೂ ಸಾಲದು.

ಎರಡನೆಯ ಗುರಿ ಅವನ ಬಲತೋಳು. ಗುರಾಣಿಯವನು ಹೊಡೆಯಲು ಹೊರಟಾಗ ಮಾತ್ರ ಅದು ಮರೆಯಿಂದ ಹೊರಗೆ ಬರುತ್ತದೆ. ಆದ್ದರಿಂದ ಉದ್ದ ಕತ್ತಿಯವನು ಅವನನ್ನು ಹೊಡೆಯಲು ಪ್ರೇರೇಪಿಸುತ್ತಾನೆ. ತುಸು ಹತ್ತಿರ ಬಂದಂತೆ ಮಾಡಿ, ಅವನ ಕೈ ಚಾಚಿದೊಡನೆ ಅರ್ಧ ಹೆಜ್ಜೆ ಹಿಂದೆ ಸರಿದು ತೋಳಿನ ಮೇಲೆ ಪೆಟ್ಟು ಇಳಿಸುತ್ತಾನೆ. ಮೂರನೆಯದು ಕಾಲ ನಡೆ. ನೇರ ಹಿಂದೆ ಹೋಗುವವನು ಬೇಗ ಕಣದ ಅಂಚು ಮುಟ್ಟುತ್ತಾನೆ. ಓರೆಯಾಗಿ ಗುರಾಣಿಯ ಕಡೆಗೆ, ಅಂದರೆ ಎದುರಾಳಿಯ ಎಡಕ್ಕೆ ಸರಿದರೆ ಅವನ ಕತ್ತಿ ಅವನದೇ ಗುರಾಣಿಯ ಆಚೆ ಸಿಕ್ಕಿಬೀಳುತ್ತದೆ. ಅವನ ಬಲಕ್ಕೆ ಸರಿದರೆ ಮೈ ಹೆಚ್ಚು ತೆರೆದು ಕಾಣುತ್ತದೆ, ಆದರೆ ಕತ್ತಿಯೂ ಅಲ್ಲೇ ಕಾದಿರುತ್ತದೆ. ಮೊದಲನೆಯದು ಉಸಿರು ತೆಗೆದುಕೊಳ್ಳುವ ದಾರಿ, ಎರಡನೆಯದು ಪಣ ಒಡ್ಡುವ ದಾರಿ. ಮುಷ್ಟಿಯಲ್ಲಿ ಹಿಡಿದ ದುಂಡು ಗುರಾಣಿಯಾದರೆ ಇನ್ನೊಂದು ಉಪಾಯವುಂಟು. ಅಂಚಿಗೆ ಒತ್ತಿದರೆ ಅದು ಮುಷ್ಟಿಯ ಸುತ್ತ ಬಾಗಿಲಿನಂತೆ ತಿರುಗಿ ಒಂದು ಬದಿ ತೆರೆದುಕೊಳ್ಳುತ್ತದೆ. ತೋಳಿಗೆ ಪಟ್ಟಿ ಬಿಗಿದ ಗುರಾಣಿ ಹಾಗೆ ತಿರುಗದು, ಆದರೆ ಅದನ್ನು ಎಳೆದರೆ ತೋಳಿನ ಜೊತೆ ಆಳೂ ಬಾಗುತ್ತಾನೆ.

ಗುರಾಣಿಯವನು ಸುಮ್ಮನಿರುತ್ತಾನೆಯೇ? ಅವನ ಗೆಲುವೆಲ್ಲ ಹತ್ತಿರದಲ್ಲಿದೆ. ಒಂದು ಪೆಟ್ಟನ್ನು ಗುರಾಣಿಯ ಮೇಲೆ ಹೊತ್ತು ನುಗ್ಗಿ ಎದೆಗೆ ಎದೆ ಕೊಟ್ಟನೆಂದರೆ ಉದ್ದ ಕತ್ತಿ ಬೀಸಲು ಜಾಗವೇ ಇಲ್ಲ. ಅದಕ್ಕೆ ಹಳೆಯ ಕೈಪಿಡಿಗಳು ಒಂದು ಪಾಠ ಕಲಿಸುತ್ತವೆ. ಎಡಗೈ ಹಿಡಿಯನ್ನು ಬಿಟ್ಟು ಅಲಗಿನ ನಡುವನ್ನೇ ಹಿಡಿಯುವುದು, ಕತ್ತಿಯನ್ನು ಗಿಡ್ಡ ಈಟಿಯಂತೆ ಬಳಸುವುದು. ತಿವಿತಕ್ಕೆ ಅವಕಾಶವಿಲ್ಲದ ಆಟಗಳಲ್ಲಿ ಈ ಹಿಡಿತ ತಳ್ಳಲು, ತಡೆಯಲು ಮಾತ್ರ ಉಪಯೋಗ. ಎಸ್‌ಸಿಎ ಆಟದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮಂಡಿಗಿಂತ ಒಂದು ಇಂಚು ಮೇಲಿನಿಂದ ತೊಡೆಗೆ ಬಿದ್ದ ಪೆಟ್ಟಿಗೆ ಕಾಲು ಹೋಯಿತೆಂದು ಲೆಕ್ಕ, ಪೆಟ್ಟು ತಿಂದವನು ಮಂಡಿಯೂರಿ ಕಾದಬೇಕು. ಗೆದ್ದೆನೆಂದು ಬೀಗುವ ಹಾಗಿಲ್ಲ. ಮಂಡಿಯೂರಿದವನನ್ನು ಅದೇ ಗುರಾಣಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಬಿಡುತ್ತದೆ. ಆಗ ಸುತ್ತ ಸುತ್ತಿ ಅವನನ್ನು ತಿರುಗಿಸಿ ದಣಿಸಬೇಕು.

ಗುಂಪು ಕಾಳಗಕ್ಕೆ ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಸರಿಯಲು ಜಾಗವಿಲ್ಲ, ಪಕ್ಕದಿಂದ ಯಾರು ಹೊಡೆಯುತ್ತಾರೋ ಗೊತ್ತಿಲ್ಲ. ಸಿಲ್ವರ್ ಕೂಡ ಇದನ್ನು ಬಲ್ಲವನಾಗಿದ್ದ. ದಂಡಿನ ನಡುವೆ, ಗುಂಡು ಹಾರುವಲ್ಲಿ ದೊಡ್ಡ ಗುರಾಣಿಯವನಿಗೆ ಅವನು ಬೇರೆಯದೇ ಬೆಲೆ ಕೊಟ್ಟಿದ್ದಾನೆ. ಬುಹುರ್ಟಿನಲ್ಲಿ ನೆಲಕ್ಕೆ ಉರುಳಿದವನು ಆಟದಿಂದ ಹೊರಗೆ. ಆದ್ದರಿಂದ ಗುರಾಣಿಯವರು ಮುಂದೆ ನಿಂತು ಎದುರಾಳಿಯನ್ನು ಅದುಮಿ ಹಿಡಿಯುತ್ತಾರೆ, ಉದ್ದ ಆಯುಧದವರು ಅವರ ಹಿಂದಿನಿಂದ ಹೆಗಲ ಮೇಲಾಗಿ ಹೊಡೆಯುತ್ತಾರೆ. ಒಂಟಿಯಾಗಿ ಎದುರಾಳಿಗಳಾಗಿದ್ದವರು ಇಲ್ಲಿ ಒಂದೇ ತಂಡದ ಎರಡು ಕೈಗಳಾಗುತ್ತಾರೆ.

ಇನ್ನು ಸಿಲ್ವರ್ ಮೇಲೆ ಕೂರಿಸಿದ ಆಯುಧ. ಅದು ದೊಣ್ಣೆ ಮತ್ತು ಗಿಡ್ಡ ಈಟಿ. ಎರಡೂ ಕೈಯಲ್ಲಿ ಹಿಡಿಯುವ, ಕತ್ತಿಗಿಂತ ಉದ್ದದ, ಕತ್ತಿಗಿಂತ ಎಷ್ಟೋ ಅಗ್ಗದ ಆಯುಧ. ಎರಡು ಕೈಯ ಕತ್ತಿಯ ಲಾಭಗಳೆಲ್ಲ ಇದರಲ್ಲಿ ಇನ್ನಷ್ಟು ಹೆಚ್ಚಾಗಿ ಇವೆ, ಅದಕ್ಕೆ ತಗಡಿನ ಕವಚವೂ ಬೇಡ, ಏಕೆಂದರೆ ಎದುರಾಳಿ ಅಷ್ಟು ಹತ್ತಿರ ಬರುವುದೇ ಕಷ್ಟ. ನಮ್ಮ ನಾಡು ಕಂಡುಕೊಂಡ ಉತ್ತರವೂ ಇದೇ ಜಾತಿಯದು. ಗುರಾಣಿಯ ಎದುರು ಎರಡು ಕೈ ಹೂಡಬೇಕೆಂದಾಗ ನಮ್ಮವರು ಹಿಡಿದದ್ದು ಈಟಿಯನ್ನು, ದೂರವಿದ್ದರೆ ಬಿಲ್ಲನ್ನು. ವೀರಗಲ್ಲಿನ ಬಿಲ್ಲುಗಾರನ ಎಡಗೈ ಗುರಾಣಿ ಬಿಟ್ಟಿದ್ದಕ್ಕೆ ಕಾರಣ ಧೈರ್ಯವೊಂದೇ ಅಲ್ಲ, ದೂರವೇ ಅವನ ಕವಚ.

ಈ ಜ್ಞಾನ ಇಂದೂ ಜೀವಂತವಾಗಿರುವುದು ಕಾಸರಗೋಡಿನಿಂದ ಕೆಳಗಿನ ಉತ್ತರ ಮಲಬಾರಿನ ಕಳರಿಗಳಲ್ಲಿ. ಅಲ್ಲಿ ಮೈಯ ಪಾಠ, ಕೋಲಿನ ಪಾಠ ಮುಗಿದ ಮೇಲೆ ಲೋಹದ ಆಯುಧದ ಪಾಠ. ಅದರಲ್ಲಿ ಕತ್ತಿ-ಗುರಾಣಿಯವರಿಬ್ಬರು ಎದುರಾಗುವ ವರಸೆಯಿದೆ, ಜೊತೆಗೆ ಈಟಿಯವನು ಕತ್ತಿ-ಗುರಾಣಿಯವನನ್ನು ಎದುರಿಸುವ ವರಸೆಯೂ ಇದೆ. ದೂರ ಕಾಯುವುದು, ಗುರಾಣಿಯನ್ನು ಎತ್ತಿಸಿ ಇಳಿಸುವುದು, ಒಳನುಗ್ಗಿದವನಿಂದ ಓರೆಯಾಗಿ ಜಾರುವುದು, ಮೇಲೆ ಹೇಳಿದ ಪಾಠಗಳೆಲ್ಲ ಅಲ್ಲಿ ಬೇರೆ ಲಯದಲ್ಲಿ ಸಿಗುತ್ತವೆ. ಕಳೆದ ಶತಮಾನದಲ್ಲಿ ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್ ಮತ್ತು ಶಿಷ್ಯ ತಲಶ್ಶೇರಿಯ ಸಿ.ವಿ. ನಾರಾಯಣನ್ ನಾಯರ್ ಅಳಿವಿನಂಚಿನಲ್ಲಿದ್ದ ಈ ವಿದ್ಯೆಯನ್ನು ಮತ್ತೆ ಊರೂರಿಗೆ ತಂದರು.

ಸರ್ಕಾರದ ಕ್ರೀಡಾಪಟ್ಟಿಗೂ ಇಂಥ ಆಟಗಳು ಬಂದಿವೆ. ಹರಿಯಾಣದಲ್ಲಿ 2022ರ ಜೂನಿನಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾ ಮೂರಕ್ಕೂ ಜಾಗ ಸಿಕ್ಕಿತು. ಗತ್ಕಾದಲ್ಲೂ ಥಾಂಗ್-ತಾದಲ್ಲೂ ಕೋಲು ಮತ್ತು ಪುಟ್ಟ ಗುರಾಣಿ ಹಿಡಿದವರು ಅಂಥವರನ್ನೇ ಎದುರಿಸುತ್ತಾರೆ. ಎರಡು ಕೈಯ ಆಯುಧಕ್ಕೂ ಗುರಾಣಿಗೂ ನಿಯಮಬದ್ಧ ಪಂದ್ಯ ಮಾತ್ರ ಆ ಪಟ್ಟಿಗೆ ಬಂದಿಲ್ಲ.

ಕತ್ತಿಯ ಆಟ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ಈಗ ಪರದೇಶದ ವಿಡಿಯೊ ನೋಡಿ ಉದ್ದ ಕತ್ತಿಯ ಕನಸು ಕಾಣುತ್ತಾರೆ. ಕನಸಿಗೆ ಅಡ್ಡಿಯಿಲ್ಲ. ಆದರೆ ಉಕ್ಕಿನ ಕವಚದ ಬೆಲೆ ದೊಡ್ಡದು, ಅದನ್ನು ಹೊತ್ತು ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲುವುದು ಇನ್ನೂ ದೊಡ್ಡ ಮಾತು. ಒಂಬತ್ತು ಇಂಚಿಗಿಂತ ಉದ್ದದ ಹರಿತ ಅಲಗು ಶಸ್ತ್ರಾಸ್ತ್ರ ಕಾನೂನಿನ ಹಿಡಿತಕ್ಕೂ ಬರುತ್ತದೆ. ಬೆತ್ತದ ಕೋಲಿಗೆ ಆ ತೊಡಕಿಲ್ಲ. ತುದಿಗೆ ಮೆತ್ತೆ ಕಟ್ಟಿದ ಉದ್ದ ಬೆತ್ತ ಒಬ್ಬನಿಗೆ, ಗಿಡ್ಡ ಬೆತ್ತ ಮತ್ತು ಗುರಾಣಿ ಇನ್ನೊಬ್ಬನಿಗೆ, ಇಬ್ಬರಿಗೂ ಮುಖ ಮುಚ್ಚುವ ಗಟ್ಟಿ ಶಿರಸ್ತ್ರಾಣ, ಕೊರಳಿಗೆ ಕೈಗೆ ರಕ್ಷೆ, ಕಳರಿ ಬಲ್ಲ ಗುರು, ಅಂಕ ಎಣಿಸುವ ತೀರ್ಪುಗಾರ. ಇಷ್ಟಿದ್ದರೆ ಶಾಲೆಯ ಮೈದಾನದಲ್ಲೇ ಆಟ ಕಟ್ಟಬಹುದು. ಪಂದ್ಯದ ಅರ್ಧದಲ್ಲಿ ಇಬ್ಬರೂ ಆಯುಧ ಬದಲಿಸಿಕೊಳ್ಳಬೇಕೆಂಬ ಒಂದು ನಿಯಮ ಸೇರಿಸಿದರೆ ನ್ಯಾಯದ ಪ್ರಶ್ನೆಯೂ ಬಗೆಹರಿಯುತ್ತದೆ. ಉದ್ದ ಬೆತ್ತ ಗೆಲ್ಲುತ್ತದೆಯೋ ಗುರಾಣಿ ಗೆಲ್ಲುತ್ತದೆಯೋ ಎಂಬ ವಾದವನ್ನು ಆಗ ಕಟ್ಟೆಯ ಮೇಲೆ ಕೂತು ಮುಗಿಸಬೇಕಿಲ್ಲ. ಎರಡೂ ಬದಿಯಲ್ಲಿ ನಿಂತು ನೋಡಿದವರು ಉತ್ತರ ಹೇಳುತ್ತಾರೆ.